ನಿಂತುಹೋದ ರೇಸಿನಾಚೆ ಅರ್ಪಿತಾ

ವಿಜಯವಾಡದ ಆಟೋನಗರದಲ್ಲಿ ಇನ್ನೂ ಶಟರುಗಳು ಮೇಲೇಳದ ಹೊತ್ತು. ಒಂದು ಗ್ಯಾರೇಜಿನಲ್ಲಿ ಮಾತ್ರ ದೀಪ ಉರಿಯುತ್ತಿದೆ. ಚಕ್ರಗಳು ಮೈಯಾಚೆ ಚಾಚಿಕೊಂಡಿರುವ ಒಂಟಿ ಸೀಟಿನ ರೇಸ್ ಕಾರಿನೊಳಗೆ ತಲೆ ತೂರಿಸಿ ಅರ್ಪಿತಾ ಬ್ರೇಕ್ ಪೆಡಲ್ಲನ್ನು ಸೀಟಿನ ಕಡೆಗೆ ಸರಿಸುತ್ತಿದ್ದಾರೆ. ವಿಶಾಖಪಟ್ಟಣದಿಂದ ಈಗಷ್ಟೇ ರೈಲಿಳಿದು ಬಂದ ರೇಸ್ ಹುಡುಗಿ ಹಿಮಬಿಂದು ಸೀಟಿನಲ್ಲಿ ಕೂತು ಕಾಲು ಚಾಚುತ್ತಾಳೆ. "ಅಂದಿಂದಿ ಅಕ್ಕಾ!" ಎಂದು ತೆಲುಗಿನಲ್ಲಿ ಕೂಗುತ್ತಾಳೆ. ಪೆಡಲ್ ಕಾಲಿಗೆ ಎಟುಕಿದೆ.

"ಗಂಡಸರ ಅಳತೀಗೆ ಮಾಡಿದ ಕಾರ್ ರೀ ಇವು. ನಾನು ಬೆನ್ನಿಗೆ ದಿಂಬು ಇಟ್ಕೊಂಡು ಓಡಿಸೀನಿ," ಎಂದು ಅರ್ಪಿತಾ ನಗುತ್ತಾರೆ.

ಅರ್ಪಿತಾರ ತಂದೆ ಅಣ್ಣಪ್ಪ ಹಾವೇರಿಯವರು. ಬ್ಯಾಂಕಿನ ವರ್ಗಾವಣೆಯಲ್ಲಿ ಬಂದು ಇಲ್ಲೇ ನೆಲೆ ನಿಂತರು. ಭಾನುವಾರಗಳಲ್ಲಿ ಅವರ ಸ್ಕೂಟರಿನ ಹಿಂದೆ ಕೂತು ಗನ್ನವರಂ ಬಳಿಯ ಗೋ-ಕಾರ್ಟ್ ಮೈದಾನಕ್ಕೆ ಹೋಗುತ್ತಿದ್ದುದನ್ನು ನೆನೆದರೆ ಮಗಳ ಮುಖ ಈಗಲೂ ಅರಳುತ್ತದೆ. "ಅಪ್ಪಾರು ಬೇಲಿ ಹಿಡ್ಕೊಂಡು 'ನಿಧಾನ ಹೋಗವ್ವಾ' ಅಂತ ಒದರೋರು. ಗೆದ್ದು ಬಂದ್ರ 'ಇನ್ನಾ ಜೋರು ಹೋಗಬಹುದಿತ್ತು' ಅನ್ನೋರು!"

ಮುಂದೆ ಮಹಿಳೆಯರಿಗಾಗಿಯೇ ಇಂಥ ಒಂಟಿ ಸೀಟಿನ ಫಾರ್ಮುಲಾ ಕಾರುಗಳ ರೇಸ್ ಸರಣಿಯೊಂದು ಶುರುವಾಯಿತು. ಚೆನ್ನೈ ಟ್ರ್ಯಾಕಿನಲ್ಲಿ ಮಳೆ ಹೊಯ್ದ ದಿನ ಅರ್ಪಿತಾ ಮೊದಲಿಗರಾಗಿ ಬಂದರು. ಗೆದ್ದವರು, ಸೋತವರು ಎಲ್ಲರೂ ಒಂದೇ ತಾಡಪಾಲಿನ ಕೆಳಗೆ ಒತ್ತೊತ್ತಾಗಿ ನಿಂತು ಚಹಾ ಕುಡಿದರು. ಆಮೇಲೆ ಆ ಗೆಳತಿಯರು ಮತ್ತೆ ಹಾಗೆ ಸೇರಲೇ ಇಲ್ಲ. ಪ್ರಾಯೋಜಕರು ಕೈಬಿಟ್ಟರು, ಸರಣಿ ಒಂದೇ ವರ್ಷಕ್ಕೆ ನಿಂತಿತು. ಗಂಡಸರ ತಂಡಗಳ ಬಾಗಿಲು ತಟ್ಟಿದಾಗ ಒಬ್ಬ ಮ್ಯಾನೇಜರ್ ಕೇಳಿದ್ದು ಇಷ್ಟೇ: "ಹುಡುಗಿಯರ ರೇಸಲ್ಲಿ ತಾನೇ ಗೆದ್ದದ್ದು?"

"ಆವತ್ತ ಹೆಲ್ಮೆಟ್ ಅಟ್ಟಕ್ಕ ಹಾಕಿದೆ," ಎನ್ನುತ್ತಾರೆ. ಹೊಟ್ಟೆಪಾಡಿಗೆ ದುರ್ಗಾಪ್ರಸಾದ್ ಅವರ ಈ ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿದರು.

ಈಗ ಮತ್ತೊಂದು ಮಹಿಳಾ ಸರಣಿ ನಡೆಯುತ್ತಿದೆ. ಕಳೆದ ವರ್ಷ ಅದನ್ನು ಗೆದ್ದ ಹಿಮಬಿಂದುವಿಗೂ ಗಂಡಸರ ತಂಡಗಳ ಬಾಗಿಲಲ್ಲಿ ಅದೇ ಮಾತು ಎದುರಾಯಿತು. ಈ ಸಲ ಅರ್ಪಿತಾ ಸುಮ್ಮನಿರಲಿಲ್ಲ. ಗ್ಯಾರೇಜಿನ ಮಾಲೀಕರಾದ ದುರ್ಗಾಪ್ರಸಾದರನ್ನು ಕಾಡಿ ಒಪ್ಪಿಸಿ, ಮೂಲೆ ಸೇರಿದ್ದ ಹಳೆಯ ಕಾರಿಗೆ ಜೀವ ತುಂಬಿದರು. ಗ್ಯಾರೇಜಿನ ಹೆಸರಿನಲ್ಲೇ ಹಿಮಬಿಂದು ಹುಡುಗರ ಜೊತೆ ರೇಸಿಗಿಳಿದಳು. ಗೆಲ್ಲಲಿಲ್ಲ, ಆದರೆ ಅರ್ಧದಷ್ಟು ಕಾರುಗಳು ಅವಳ ಹಿಂದಿದ್ದವು. ಬೇಲಿಯಾಚೆ ನಿಂತ ಅರ್ಪಿತಾಗೆ ಕಣ್ಣು ಮಂಜಾಗಿ ಕೊನೆಯ ತಿರುವು ಕಾಣಲೇ ಇಲ್ಲವಂತೆ. ಇಂದಿನ ತಯಾರಿ ಅದೇ ರೇಸ್ ಸರಣಿಯ ಎರಡನೇ ಸುತ್ತಿಗೆ; ಈ ಸಲ ಹಿಮಬಿಂದುವಿಗೆ ದಿಂಬು ಬೇಕಿಲ್ಲ.

ನಿಮ್ಮ ಆಸೆಯೇನು ಎಂದರೆ ಅರ್ಪಿತಾ ಕೈಯ ಗ್ರೀಸ್ ಒರೆಸಿಕೊಳ್ಳುತ್ತಾರೆ.

"ಸೋತ ಹುಡುಗಿ 'ಮುಂದಿನ ವರ್ಷ ನೋಡ್ಕೋತೀನಿ' ಅನ್ನಬೇಕ್ರಿ. ಹಂಗ ಅನ್ನಾಕ ಮುಂದಿನ ವರ್ಷ ಅನ್ನೂದೊಂದು ಇರಬೇಕಲ್ರೀ?"