ಹಸುಗಳ ವಂಶ, ಅನುಸೂಯಮ್ಮನ ಭಾಷೆ

ಬೆಳಿಗ್ಗೆ ಐದೂಮುಕ್ಕಾಲಿಗೆ ಅನುಸೂಯಮ್ಮ ಹಾಲಿನ ಸೊಸೈಟಿಯ ಶೆಟರ್ ಎತ್ತುತ್ತಾರೆ. ಹಗರೆ ಪಕ್ಕದ ಈ ಸಣ್ಣ ಊರಿನಲ್ಲಿ ಹಾಲು ಹಾಕುವ ಮನೆಗಳು ಎಂಬತ್ತಮೂರು, ಬೆಳಗಿನ ಹಾಲು ಸುಮಾರು ನಾನೂರು ಲೀಟರ್. ಪ್ರತಿ ಮನೆಯ ಹಾಲಿಗೂ ಲ್ಯಾಕ್ಟೋಮೀಟರ್ ಬಿಟ್ಟು, ಡಿಗ್ರಿ ನೋಡಿ, ಕ್ಯಾನಿಗೆ ಸುರಿಯಬೇಕು. ಏಳೂವರೆಗೆ ಲಾರಿ ಬರುತ್ತದೆ. ಇಪ್ಪತ್ತೆರಡು ವರ್ಷದಿಂದ ಈ ಕೆಲಸಕ್ಕೆ ಭಾನುವಾರವಿಲ್ಲ, ಹಬ್ಬವಿಲ್ಲ. ತಣ್ಣೀರಿನಲ್ಲಿ ನೆನೆದೂ ನೆನೆದೂ ಅವರ ಬೆರಳುಗಳು ಸುಕ್ಕಾಗಿವೆ.

ನಾನು ಹೋಗಿದ್ದು ಈ ಹಾಲಿನ ಸಂಗತಿ ಬರೆಯಲು. ಆದರೆ ಸಾಲಿನಲ್ಲಿ ನಿಂತ ಹೆಂಗಸರು "ತೊಯಿರ ಇವತ್ತು ಸರಿಯಾಗಿ ಹಾಲು ಬಿಡ್ಲಿಲ್ಲ ಕಣಕ್ಕ", "ನಮ್ ಲಿಸ್ವೆ ಒದ್ದೇ ಬಿಡ್ತು" ಅನ್ನುತ್ತಿದ್ದಾರೆ. ಹಸುಗಳಿಗೆ ಗೌರಿ, ಲಕ್ಷ್ಮಿ ಎಂದು ಹೆಸರಿಡುವುದು ಗೊತ್ತು, ಇವೆಲ್ಲಿಯವು? ಕೇಳಿದರೆ ಎಲ್ಲರೂ ಅನುಸೂಯಮ್ಮನ ಕಡೆ ನೋಡಿ ನಗುತ್ತಾರೆ.

"ನಾನೇ ಕಟ್ಟಿದ್ ಭಾಷೆ ಕಣ್ರೀ ಅದು," ಅನ್ನುತ್ತಾರೆ ಅವರು, ಕ್ಯಾನಿನಿಂದ ಕಣ್ಣೆತ್ತದೆ. "ಒಂದಲ್ಲ, ನಾಕೈತೆ. ಒಂದು ತಾಯಿ, ಮೂರು ಮಕ್ಳು."

ಲಾರಿ ಹೋದ ಮೇಲೆ ಜಗಲಿಯಲ್ಲಿ ಕುಳಿತು ವಿವರ ಹೇಳುತ್ತಾರೆ. ಬಾಣಾವರದಿಂದ ಹತ್ತೊಂಬತ್ತನೆಯ ವಯಸ್ಸಿಗೆ ಸೊಸೆಯಾಗಿ ಬಂದಾಗ ಮನೆಯಲ್ಲಿ ಹದಿನಾಲ್ಕು ಜನ. ಬೆಳಿಗ್ಗೆ ಆಡಿದ ಮಾತು ಸಂಜೆಯೊಳಗೆ ಅತ್ತೆಯ ಕಿವಿ ಮುಟ್ಟುತ್ತಿತ್ತು. ತವರಿನಿಂದ ಜೊತೆಗೆ ಬಂದದ್ದು ಕೆಂದಿ ಎಂಬ ಹಸು ಒಂದೇ. "ಅದ್ರ ಮುಂದೆ ಅಳೋಕೂ ಒಂದು ಮಾತು ಬೇಕಿತ್ತು, ಬೇರೆಯೋರಿಗೆ ತಿಳೀಬಾರ್ದು. ದಿನಕ್ಕೊಂದು ಮಾಡ್ಕೊಂಡೆ."

ಅದು ತಾಯಿಭಾಷೆ. ಕೆಂದಿಯ ಮೂರು ಹೆಣ್ಣುಕರುಗಳು ಮೂರು ಮನೆ ಸೇರಿದಾಗ ಭಾಷೆಯೂ ಮೂರಾಯಿತು. ಕೆಂದಿಗೆ ನೀರು ಅಂದರೆ 'ತೊಲಿಮ'. ಒಂದು ಮನೆಯಲ್ಲಿ ಅದು 'ತೊಲ್ಮ', ಇನ್ನೊಂದರಲ್ಲಿ 'ದೊಲಿ'. ಯಾಕೆ ಬದಲಾಯಿಸಿದಿರಿ ಎಂದರೆ, "ಹಸು ಬೇರೆ ಮನೆಗೆ ಹೋದ್ಮೇಲೆ ಮಾತೂ ಬದ್ಲಾಗ್ಬೇಕಲ್ವಾ? ನಾನು ಬದ್ಲಾಗ್ಲಿಲ್ವಾ?" ಅನ್ನುತ್ತಾರೆ.

ಇದಕ್ಕೊಂದು ಕಟ್ಟುನಿಟ್ಟಿನ ಪದ್ಧತಿಯಿದೆ. ಆ ವಂಶದಲ್ಲಿ ಹೆಣ್ಣುಕರು ಹುಟ್ಟಿದರೆ ಆ ಮನೆಯ ಭಾಷೆಯಲ್ಲಿ ಅದಕ್ಕೊಂದು ಹೆಸರು, ಜೊತೆಗೆ ಹತ್ತು ಹೊಸ ಮಾತು. ಹಸುವಿನ ಹತ್ತಿರ ಅವರು ಆಡಿದ್ದನ್ನು ಕೇಳಿ ಕೇಳಿ ಆ ಮನೆಯವರಿಗೂ ಹೆಸರು, ಒಂದೆರಡು ಮಾತು ರೂಢಿಯಾಗಿವೆ. ಗಂಡುಕರು ಊರಲ್ಲಿ ಉಳಿಯುವುದಿಲ್ಲ, ಹಾಗಾಗಿ ಅದಕ್ಕೆ ಏನೂ ಇಲ್ಲ. ವಂಶ ಅಳಿದರೆ ಭಾಷೆಯೂ ಮುಗಿದಂತೆ. ನೀವೇ ಮಾಡಿದ ಪದ್ಧತಿ, ಸ್ವಲ್ಪ ಸಡಿಲಿಸಬಹುದಲ್ಲ ಎಂದು ಕೆಣಕಿದೆ. "ಆಮೇಲೆ ಅದು ಆಟ ಆಯ್ತದೆ," ಎಂದು ಮುಖ ಬಿಗಿಮಾಡಿಕೊಂಡರು.

ಇವತ್ತು ಆ ಮುಖದಲ್ಲಿ ನೆಮ್ಮದಿಯಿಲ್ಲ. ಮೂರನೆಯ ವಂಶದಲ್ಲಿ ಉಳಿದಿರುವುದು ವೆಂಕಟಲಕ್ಷ್ಮಮ್ಮ ಎಂಬ ಅಜ್ಜಿಯ ಮನೆಯ ನಿಸಾಲು ಒಂದೇ. ಹಸುವಿಗೆ ವಯಸ್ಸಾಗಿದೆ. ಹಿಂದಿನೆರಡು ಸಲವೂ ಗಂಡುಕರು, ಈಗ ತುಂಬು ಗಬ್ಬ, ಇದೇ ಕೊನೆಯ ಸೂಲು. ಹೆಣ್ಣಾಗದಿದ್ದರೆ ಇನ್ನೂರ ಹದಿನಾಲ್ಕು ಮಾತಿನ ಆ ಭಾಷೆ ಮುಗಿಯುತ್ತದೆ. ಕರು ಕಣ್ಣಿಗೆ ಬೀಳುವ ಮುಂಚೆ ಹೆಸರು ಯೋಚಿಸಬಾರದು ಎನ್ನುವವರು ಈ ಸಲ ತಡೆಯಲಾರದೆ ಒಂದನ್ನು ಯೋಚಿಸಿಬಿಟ್ಟಿದ್ದಾರೆ. "ತಪ್ಪು ಮಾಡ್ದೆ," ಎಂದು ಮೆಲ್ಲಗೆ ಹೇಳುತ್ತಾರೆ.

ಒಂಬತ್ತು ಗಂಟೆಗೆ ಅಜ್ಜಿಯ ಮನೆಯಿಂದ ಕರೆ ಬರುತ್ತದೆ. ನಾವು ಕೊಟ್ಟಿಗೆ ತಲುಪುವ ಹೊತ್ತಿಗೆ ಕರು ಹುಲ್ಲಿನ ಮೇಲಿದೆ, ನಿಸಾಲು ನೆಕ್ಕುತ್ತಿದೆ. ಅನುಸೂಯಮ್ಮ ಬಗ್ಗಿ ನೋಡುತ್ತಾರೆ. ಗಂಡು. ಗೋಡೆಗೊರಗಿ ಕುಳಿತುಬಿಡುತ್ತಾರೆ. ಕಣ್ಣಲ್ಲಿ ನೀರು. ಯೋಚಿಸಿದ್ದ ಹೆಸರು ಯಾವುದೆಂದು ಕೇಳುವ ಧೈರ್ಯ ನನಗಾಗಲಿಲ್ಲ.

ಕರು ಏಳಲು ಹೋಗಿ ಮುಗ್ಗರಿಸುತ್ತದೆ. ಅಜ್ಜಿ ಬೊಚ್ಚುಬಾಯಲ್ಲಿ ನಗುತ್ತಾ, "ದುವ್ವಿ, ದುವ್ವಿ!" ಅನ್ನುತ್ತಾರೆ.

ಅನುಸೂಯಮ್ಮ ತಲೆಯೆತ್ತುತ್ತಾರೆ. "ಏನಂದ್ರಿ?"

"ನಿನ್ ಭಾಷೆ ಕಣಮ್ಮ. ಕರ ಏಳೋಕೋಗಿ ಬೀಳ್ತದಲ್ಲ, ಅದಕ್ಕೆ ನಮ್ಮನೇಲಿ ದುವ್ವಿ ಅಂತೀವಿ."

"ನಾನು ಮಾಡಿದ್ದಲ್ಲ ಅದು."

"ಹಂಗಾದ್ರೆ ನಾನೋ ಮೊಮ್ಮಗಳು ಸ್ವಾತಿನೋ ಯಾವಾಗ್ಲೋ ಅಂದಿರ್ಬೇಕು. ಯಾರಿಗ್ ಗೊತ್ತು? ವರ್ಷಗಳಿಂದ ಅಂತಾನೇ ಇದೀವಿ."

ಅನುಸೂಯಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು ಆ ಮಾತನ್ನು ಎರಡು ಸಲ ತಾವೇ ಹೇಳಿ ನೋಡುತ್ತಾರೆ. ಸಂಜೆ ಹಾಲಿಗೆ ಕ್ಯಾನು ತೊಳೆಯಬೇಕು, ಎದ್ದು ಹೊರಡುತ್ತಾರೆ. ದಾರಿಯಲ್ಲಿ, ನಿಮಗಿನ್ನೇನು ಆಸೆ ಎಂದು ಕೇಳಿದೆ.

"ಮೂವತ್ತೆರಡು ವರ್ಷ ಎಲ್ಲ ಮಾತೂ ನಾನೇ ಮಾಡ್ದೆ, ನಾನೇ ಆಡ್ದೆ. ಇವತ್ತು ನನ್ ಭಾಷೇಲಿ ಇನ್ನೊಬ್ರು ಮಾತಾಡಿದ್ದು ನಂಗೇ ಅರ್ಥ ಆಗ್ಲಿಲ್ಲ. ಇನ್ನೊಂದ್ ಸಲ ಹಂಗಾಗ್ಬೇಕು ಕಣ್ರೀ, ಅಷ್ಟೇ."