ಒಂದು ಮೊಳ ಎತ್ತಿದ ಶಟರ್

ಮಾಮಾ ಅವರ ಬಲಗೈಯಲ್ಲಿ ಮಣಿಕಟ್ಟಿನಿಂದ ಮೊಣಕೈತನಕ ಡಾಂಬರು ಸಿಡಿದ ಕಲೆಗಳಿದ್ದವು. ಕೆಲವು ಕಪ್ಪು, ಕೆಲವು ಗುಲಾಬಿ. ಸುಟ್ಟು ಮಾಯ್ದದ್ದು ಯಾವುದು, ತೊಳೆದರೂ ಹೋಗದ್ದು ಯಾವುದು ಎಂಬುದು ಅವರ ಹೆಂಡತಿಗೂ ಗೊತ್ತಿರಲಿಲ್ಲ.

ರಕ್ತಸಂಬಂಧದಿಂದ ಅವರು ನನಗೆ ಏನೂ ಆಗಬೇಕಿಲ್ಲ. ತಿಕೋಟಾದಲ್ಲಿ ನಮ್ಮದು ಒಂದೇ ಓಣಿ, ಎರಡು ಮನೆಗೆ ಒಂದೇ ಗೋಡೆ. ಅವರ ಮನೆಯಲ್ಲಿ ನಮಾಜು, ನಮ್ಮ ಮನೆಯಲ್ಲಿ ವಿಭೂತಿ. ಹುಟ್ಟಿದಾಗಿನಿಂದ ಮಾಮಾ ಎಂದೆ, ಅಷ್ಟೇ.

ರಸ್ತೆ ಕೆಲಸದಲ್ಲಿ ಡಾಂಬರು ಕಾಯಿಸುವ ದಿನಗೂಲಿ ಅವರು. ಹನ್ನೊಂದು ವರ್ಷವಾದರೂ ಕಾಯಂ ಆಗಿರಲಿಲ್ಲ. ಮಳೆಗೆ ಕೆಲಸ ನಿಂತರೆ ಕೂಲಿಯೂ ನಿಲ್ಲುತ್ತಿತ್ತು. ಬಿಟ್ಟು ಹೋದರೆ ಹನ್ನೊಂದು ವರ್ಷ ನೀರುಪಾಲು, ಇದ್ದರೆ ಇದೇ ಗತಿ. "ಬಿಸಿ ಡಾಂಬರದಾಗ ಕಾಲಿಟ್ಟಂಗ ಆಗೇತೋ ತಮ್ಮಾ. ಕೀಳಾಕೂ ಬರವಲ್ದು, ನಿಂದರಾಕೂ ಬರವಲ್ದು" ಎಂದು ನಗುತ್ತಿದ್ದರು.

ಒಲೆಗೆ ಬೆಂಕಿ ಹಚ್ಚುವ ಮೊದಲು ಒಂದು ಚಿಟಿಕೆ ಮಣ್ಣನ್ನು ಮೇಲಿನಿಂದ ಬಿಟ್ಟು, ಅದು ಯಾವ ಕಡೆ ಹಾರುತ್ತದೆಂದು ನೋಡುವುದು ಅವರ ರೂಢಿ. ಹೊಗೆಗೆ ಎದುರು ನಿಂತರೆ ಕಣ್ಣು ಹೋಗುತ್ತದಲ್ಲ. ಬರಬರುತ್ತ ಬೀಡಿ ಹಚ್ಚುವಾಗಲೂ ಅದೇ, ಅಂಗಳದಲ್ಲಿ ಮಲಗಲು ಹೊರಸು ಹಾಕುವಾಗಲೂ ಅದೇ. "ಮಂದಿ ಸುಳ್ಳ ಹೇಳ್ತಾರ, ಗಾಳಿ ಹೇಳೂದಿಲ್ಲ" ಎನ್ನುವರು.

ಬಬಲೇಶ್ವರದ ರಸ್ತೆ ಕ್ಯಾಂಪಿನಲ್ಲಿ ಇಂಜಿನಿಯರ್ ಸಾಹೇಬರು ಸಂಜೆ ಬ್ಯಾಡ್ಮಿಂಟನ್ ಆಡುತ್ತಿದ್ದರು. ಜೊತೆಗಾರ ಬಾರದ ಒಂದು ದಿನ ಮಾಮಾ ಕೈಗೆ ಬ್ಯಾಟು ಕೊಟ್ಟರು. ಎರಡು ತಿಂಗಳಲ್ಲಿ ಸಾಹೇಬರೇ ಸೋಲತೊಡಗಿದರು. ಎರೆಹೊಲದ ಬಯಲು, ಗಾಳಿಗೆ ಅಡ್ಡ ಒಂದು ಗಿಡವಿಲ್ಲ. ಎಲ್ಲರ ಶಟಲ್ ಎಲ್ಲೆಲ್ಲೋ ಹಾರುತ್ತಿತ್ತು. ಮಾಮಾ ಮಾತ್ರ ಗೆರೆಯಿಂದ ಒಂದು ಮೊಳ ಆಚೆಗೆ ಗುರಿಯಿಟ್ಟು ಹೊಡೆಯುವರು. ಗಾಳಿ ಅದನ್ನು ಹೊತ್ತು ತಂದು ಗೆರೆಯೊಳಗೆ ಇಳಿಸುತ್ತಿತ್ತು.

ಎಪ್ಪತ್ತರ ದಶಕದ ನಡುವಿನ ಮಾತು. ವಿಜಾಪುರದಲ್ಲಿ ಎಲ್ಲ ಇಲಾಖೆಯವರ ಕ್ರೀಡಾಕೂಟ ನಡೆಯಿತು. ಕಬಡ್ಡಿ, ಗುಂಡು ಎಸೆತ, ಓಟ, ಪುರುಷರ ಸಿಂಗಲ್ಸ್ ಬ್ಯಾಡ್ಮಿಂಟನ್. ದಿನಗೂಲಿಯವರಿಗೂ ಆ ವರ್ಷ ಅವಕಾಶ ಕೊಟ್ಟರು. ಸಾಹೇಬರು ಮಾಮಾ ಅವರನ್ನು ಕರೆದು, "ಕಪ್ ತಗೊಂಡು ಬಾ. ಕಾಯಂ ಮಾಡ್ರಿ ಅಂತ ನಾನೇ ಮೇಲೆ ಬರೀತೀನಿ" ಎಂದರು. ಆ ರಾತ್ರಿ ಗೋಡೆಯಾಚೆ ಮಾಮಿ ಅಳುವುದು ಕೇಳಿಸಿತು. ಸಂತೋಷಕ್ಕೂ ಹಾಗೆ ಅಳುತ್ತಾರೆಂದು ನನಗೆ ಆಗ ತಿಳಿಯಿತು.

ಆಷಾಢ. ಬಯಲಿನಲ್ಲಿ ಸುಣ್ಣದ ಗೆರೆ ಎಳೆದ ಅಂಕಣ. ಮಾಮಾ ಬರಿಗಾಲಲ್ಲಿ ಮೂರು ಆಟ ಗೆದ್ದರು. ಫೈನಲಿಗೆ ಎದುರಾಳಿ ಒಬ್ಬ ಹೆಡ್ ಕ್ಲಾರ್ಕ್. ಬಿಳಿ ಬೂಟು, ಕ್ಲಬ್ಬಿನಲ್ಲಿ ಕಲಿತ ಆಟ. ಅವರು ತಕರಾರು ತೆಗೆದರು: "ಇದೇನ್ ಆಟ್ರಿ? ಗಾಳಿಪಟ ಹಾರಸಾಕ ಬಂದೀವೇನು?" ಮಾತಿನಲ್ಲಿ ನ್ಯಾಯವಿತ್ತು. ಫೈನಲನ್ನು ಅಥಣಿ ರಸ್ತೆಯ ಒಂದು ಖಾಲಿ ಗೋದಾಮಿಗೆ ಹಾಕಿದರು.

ಆ ಗೋದಾಮಿನ ಕೀಲಿ ನನ್ನ ಸೊಂಟದಲ್ಲಿತ್ತು. ಐದನೆಯ ಇಯತ್ತೆಗೆ ಸಾಲಿ ಬಿಟ್ಟು ಹಮಾಲಿಗೆ ಇಳಿದವನು ನಾನು. ಯಾರ ವಶೀಲಿಯೂ ಇಲ್ಲದೆ, ಬೆನ್ನ ಮೇಲೆ ಚೀಲ ಹೊತ್ತು ಹೊತ್ತು, ಇಪ್ಪತ್ತಾರಕ್ಕೆ ಆ ಕೀಲಿ ಸಂಪಾದಿಸಿದ್ದೆ. ಆಟ ಮುಗಿಯುವವರೆಗೆ ಒಂದು ಶಟರೂ ಎತ್ತಕೂಡದೆಂದು ನನಗೆ ಹುಕುಂ ಆಗಿತ್ತು.

ಮೇಲೆ ತಗಡು, ನಾಲ್ಕೂ ಕಡೆ ಗೋಡೆ, ಮುಚ್ಚಿದ ಆರು ಶಟರು. ಗೋಣಿತಾಟಿನ ಧೂಳು ನಿಂತಲ್ಲೇ ನಿಂತಿತ್ತು. ಮಾಮಾ ಒಂದು ಚಿಟಿಕೆ ಮಣ್ಣು ಬಿಟ್ಟರು. ಅದು ನೆಟ್ಟಗೆ ಅವರ ಪಾದದ ಮೇಲೆ ಬಿತ್ತು. ಅವರು ಅದನ್ನೇ ನೋಡುತ್ತ ನಿಂತರು.

ಇಪ್ಪತ್ತೊಂದು ಪಾಯಿಂಟಿನ ಒಂದೇ ಆಟ. ಮಾಮಾ ರೂಢಿಯಂತೆ ಗೆರೆಯ ಆಚೆಗೆ ಹೊಡೆದರು, ಶಟಲ್ ಗೆರೆಯ ಆಚೆಗೇ ಬಿತ್ತು. ಮತ್ತೆ ಹೊಡೆದರು, ಮತ್ತೆ ಆಚೆ. ತಲೆಗೆ ತಿಳಿದದ್ದು ಕೈಗೆ ತಿಳಿಯುತ್ತಿರಲಿಲ್ಲ. ಜನ ನಕ್ಕರು. "ಏ ಡಾಂಬರ್, ಗೆರಿ ಒಳಗ ಹಾಕಲೇ! ಅದು ಅಥಣಿ ರೋಡ್ ಅಲ್ಲ!" ಎಂದು ಒಬ್ಬ ಕೂಗಿದ. ಬೋನಿಗೆ ಬಿದ್ದ ಪ್ರಾಣಿಯ ಹಾಗೆ ಮಾಮಾ ಆ ನಾಲ್ಕು ಗೆರೆಯೊಳಗೆ ತಿರುಗುತ್ತಿದ್ದರು. ಅವರದು ಎಂಟು, ಕ್ಲಾರ್ಕರದು ಹದಿಮೂರು.

ಆಗ ಮಾಮಾ ಬೆವರು ಒರೆಸಿಕೊಳ್ಳುತ್ತ ನನ್ನ ಹಿಂದಿನ ಪಡುವಣ ಶಟರಿನ ಕಡೆ ನೋಡಿದರು. ಒಂದೇ ಸಲ. ನಾನು ಬೆನ್ನ ಹಿಂದೆ ಕೈಹಾಕಿ ಒಂದು ಮೊಳ ಎತ್ತಿದೆ.

ಗಾಳಿ ಒಳಗೆ ಬಂತು. ಧೂಳು ಎದ್ದಿತು. ಮಾಮಾ ಕೈ ಬದುಕಿತು. ಒಂದು, ಎರಡು, ಮೂರು, ನಾಲ್ಕು. ಕ್ಲಾರ್ಕರು ಬೀಸಿದಲ್ಲಿ ಶಟಲ್ ಇರುತ್ತಿರಲಿಲ್ಲ. ಮಾಮಾ ಹನ್ನೆರಡು, ಕ್ಲಾರ್ಕರು ಹದಿಮೂರು.

ಐದನೆಯದಕ್ಕೆ ಮಾಮಾ ಬ್ಯಾಟು ಎತ್ತಿದವರು ಇಳಿಸಿದರು. ನನ್ನ ಮುಖ ನೋಡದೆ ಬಂದು, ಬರಿಗಾಲಲ್ಲಿ ಶಟರನ್ನು ತುಳಿದು ಕೆಳಗೆ ಕೂರಿಸಿದರು.

"ಯಾವನಲೇ ತಗದಾವ?" ಅಂಪೈರು ಎದ್ದು ನಿಂತರು.

"ನಾ ಆ ಕಡೆ ನೋಡಿದ್ನಿರಿ ಸಾಹೇಬ್ರ, ಅಂವ ತಪ್ಪ ತಿಳಕೊಂಡಾನ" ಎಂದರು ಮಾಮಾ. "ಅಂವಗ ಏನೂ ಅನಬ್ಯಾಡ್ರಿ. ಆ ನಾಕ ಪಾಯಿಂಟ ಗಾಳೀವು. ತಗದಬಿಡ್ರಿ."

"ಇರಲಿ ಬಿಡೋ, ಆಡೋ" ಎಂದು ಇಂಜಿನಿಯರ್ ಸಾಹೇಬರು ಕೂತಲ್ಲಿಂದ ಹಲ್ಲು ಕಡಿದರು.

"ಇಲ್ಲರಿ. ಕ್ಲಾರ್ಕ್ ಸಾಹೇಬ್ರಿಗೆ ಗೊತ್ತಿಲ್ಲದ ಗಾಳಿ ಅದು."

ಮತ್ತೆ ಎಂಟು, ಹದಿಮೂರು. ಆ ಉಸಿರುಗಟ್ಟಿದ ಗೋದಾಮಿನಲ್ಲಿ ಮಾಮಾ ತಮ್ಮ ಕೈಗೆ ಹೊಸದಾಗಿ ಪಾಠ ಹೇಳಿಕೊಡುತ್ತ ಒಂದೊಂದೇ ಪಾಯಿಂಟು ಏರಿದರು. ಕೊನೆಕೊನೆಗೆ ನಗುವವರು ಸುಮ್ಮನಾದರು. ಹತ್ತೊಂಬತ್ತಕ್ಕೆ ನಿಂತರು. ಕ್ಲಾರ್ಕರು ಇಪ್ಪತ್ತೊಂದು.

ನಾಲ್ಕು ಬಿಟ್ಟುಕೊಟ್ಟು ಎರಡಕ್ಕೆ ಸೋತರು. ಐದನೆಯ ಇಯತ್ತೆಗೆ ಸಾಲಿ ಬಿಟ್ಟವನಿಗೂ ಈ ಲೆಕ್ಕ ಬರುತ್ತದೆ.

ತಿಕೋಟಾದ ಬಸ್ಸಿನಲ್ಲಿ ಅಕ್ಕಪಕ್ಕ ಕೂತೆವು. ಮಾಮಾ ಅವರೇ ಅಂದರು: "ಕೀಲಿ ನಿನ್ನ ಕೈಯಾಗ ನಂಬಿ ಕೊಟ್ಟಾರೋ. ನನ್ನ ಆಟ ಹೋತು, ಹೋಗಲಿ. ನೀ ನಿನ್ನ ಕೆಲಸ ಕಳಕೋಬ್ಯಾಡ."

"ಮತ್ತ ಯಾಕ ನೋಡಿದ್ರಿ ಮಾಮಾ ಆ ಕಡೆ?"

ಅವರು ಕಿಟಕಿಯ ಕಡೆ ಮುಖ ತಿರುಗಿಸಿದರು. ಶಟರ್ ತೆಗೆ ಎಂದು ಬೇಡಿ ನೋಡಿದರೋ, ಬರೀ ಸೆಕೆಗೆ ನೋಡಿದರೋ, ನನಗೆ ಇಂದಿಗೂ ಗೊತ್ತಿಲ್ಲ. ಆ ಒಂದು ನೋಟದೊಳಗೆ ನಾನು ಸಿಕ್ಕಿಬಿದ್ದು ಇಷ್ಟು ವರ್ಷವಾಯಿತು.

ಸಾಹೇಬರು ಪತ್ರ ಬರೆಯಲಿಲ್ಲ. ಮಾಮಾ ಡಾಂಬರಿನ ಮುಂದೆಯೇ ಉಳಿದರು. ಕೀಲಿ ನನ್ನ ಸೊಂಟದಲ್ಲೇ ಉಳಿಯಿತು. ಅದರಿಂದ ಮನೆ ಕಟ್ಟಿದೆ, ಮಕ್ಕಳನ್ನು ಓದಿಸಿದೆ. ನಾನು ಯಾರ ಹಂಗಿನಲ್ಲೂ ಬದುಕಿದವನಲ್ಲ ಎಂದು ಎದೆಯುಬ್ಬಿಸಿ ಹೇಳುತ್ತೇನೆ. ಹೇಳುವಾಗ ಇದೊಂದನ್ನು ಬಿಟ್ಟು ಹೇಳುತ್ತೇನೆ.

ಹೊಗೆ ಕುಡಿದ ಮಾಮಾ ಅವರ ಎದೆ ಕಡೆಗೆ ಕೈಕೊಟ್ಟಿತು. ಕೊನೆಯ ವಾರ ಗೋಡೆಯಾಚೆಯ ಆ ಸಣ್ಣ ಕೋಣೆಯಲ್ಲಿ ಉಸಿರಿಗಾಗಿ ಒದ್ದಾಡುತ್ತಿದ್ದರು. ಥಂಡಿ ತಾಗುತ್ತದೆಂದು ಮಾಮಿ ಕಿಟಕಿಗೆ ಗೋಣಿತಾಟು ಹೊಡೆಸಿದ್ದರು. ನಾನು ಕಾಲ ಹತ್ತಿರ ಕೂತಿದ್ದೆ. ಮಾಮಾ ಕಣ್ಣು ತೆರೆದು ಕಿಟಕಿಯ ಕಡೆ ನೋಡಿದರು. ನಾನು ಅಲುಗಾಡಲಿಲ್ಲ. ಒಮ್ಮೆ ತಪ್ಪು ತಿಳಿದವನಲ್ಲವೇ.

ಅವರಿಗೆ ಅದು ಅರ್ಥವಾಯಿತು. ಕಲೆಬಿದ್ದ ಕೈ ಎತ್ತಿ, ಉಸಿರು ಕೂಡಿಸಿಕೊಂಡು, ಅಂದರು: "ಈಗ ತಗೀಯೋ ಹುಚ್ಚ. ಈಗ ಎದುರಿಗೆ ಯಾರೂ ಇಲ್ಲ."

ಗೋಣಿತಾಟು ಕಿತ್ತು ತೆಗೆದೆ.