ಕೊನೆಯ ಪುಟದ ಸಂಪಾದಕಿ

ನಮ್ಮಕ್ಕ ಸಂಪಾದಕಿಯಾದ ದಿನ ನಾನೂ ಅವಳೂ ಹಿಗ್ಗಿ ಹೀರೇಕಾಯಿಯಾಗಿದ್ದೆವು. ಈಗ ನೆನೆದರೆ ಮೈ ಉರಿಯುತ್ತದೆ.

ಅವಳ ನಿಜವಾದ ಕೆಲಸ ವಾರಪತ್ರಿಕೆಯ ಪುಟ ಕಟ್ಟುವುದು. ಪ್ರೆಸ್ಸಿನ ಮಹಡಿಯಲ್ಲಿ ಒಂದೇ ಕೋಣೆ, ಕಿರುಗುಟ್ಟುವ ಕುರ್ಚಿ, ಹಳೇ ಕಂಪ್ಯೂಟರ್. ಸುದ್ದಿ ಉದ್ದವಾದರೆ ಬಾಲ ಕತ್ತರಿಸುವಳು, ಗಿಡ್ಡವಾದರೆ ಫೋಟೊ ಹಿಗ್ಗಿಸುವಳು. ಹಾಗಾಗಿ ಎಲ್ಲರಿಗೂ ಅವಳು ಕತ್ತರಿಯಕ್ಕ. ಬರೆಯುತ್ತಿದ್ದವನು ಪತ್ರಿಕೆಯ ಮಾಲೀಕ. ಅವನನ್ನು ಅಕ್ಕ 'ಅಣ್ಣ' ಎನ್ನುತ್ತಿದ್ದಳು; ಬರೀ ಬಾಯಿಮಾತಿಗಲ್ಲ, ಒಡಹುಟ್ಟಿದವನೆಂದೇ ನಂಬಿದ್ದಳು.

ಆಗ ಹೊಸ ಕಾನೂನು ಬಂತು. ಜನರನ್ನು ಗಾಬರಿಗೊಳಿಸುವಂಥದ್ದೇನಾದರೂ ಅಚ್ಚಾದರೆ, ಬರೆದವರು ಯಾರೇ ಇರಲಿ, ಸಂಪಾದಕರೆಂದು ಹೆಸರಿದ್ದವರಿಗೆ ಜೈಲು. ಆ ಸುದ್ದಿಯನ್ನು ಮೊದಲ ಪುಟದಲ್ಲಿ ಕೂರಿಸಿದವಳೂ ಅಕ್ಕನೇ. ಜಾಗ ಸಾಲದೆ ಕೊನೆಯ ಸಾಲುಗಳನ್ನು ಓದದೆಯೇ ಕತ್ತರಿಸಿದಳಂತೆ; ಸಂಪಾದಕರಿಗೆ ಜೈಲು ಎಂಬ ಮಾತು ಇದ್ದದ್ದು ಅಲ್ಲೇ.

ಮರುವಾರವೇ ಮಾಲೀಕ, "ಎಷ್ಟು ದಿನ ಅಂತ ಪುಟ ಕಟ್ತಾ ಕೂರ್ತೀಯಮ್ಮ? ಇನ್ಮೇಲೆ ಸಂಪಾದಕಿ ನೀನೇ" ಅಂದ. ಕೊನೆಯ ಪುಟದ ಅಡಿಯಲ್ಲಿ, ಸಣ್ಣಕ್ಷರದಲ್ಲಿ, ಅವನ ಹೆಸರಿದ್ದ ಜಾಗಕ್ಕೆ ಅಕ್ಕನ ಹೆಸರು ಬಂತು. ಸಂಬಳ ಏರಲಿಲ್ಲ, ಕುರ್ಚಿಯೂ ಬದಲಾಗಲಿಲ್ಲ. ಆದರೂ ನಾನು ದಡ್ಡಿ, ಬೀದಿಗೆಲ್ಲ ಪತ್ರಿಕೆ ಹಂಚಿಬಂದೆ.

ಹೊಸ ಸೇತುವೆಯ ಕಂಬ ಬಿರುಕು ಬಿಟ್ಟದ್ದನ್ನು ಮೊದಲು ಕಂಡವಳು ಅಕ್ಕ. ಅವಳು ಹೇಳಿದಳು, ಮಾಲೀಕ ನೋಡಿ ಬಂದು ಖಾರವಾಗಿ ಬರೆದ, ತನ್ನ ಹೆಸರು ಮಾತ್ರ ಹಾಕಲಿಲ್ಲ. ಪತ್ರಿಕೆ ಹೊರಬಿದ್ದ ಸಂಜೆಯೇ ಪೊಲೀಸರು ಬಂದರು.

"ನಾನು ಬರೀ ದುಡ್ಡು ಹಾಕಿರೋನು ಸಾರ್. ಏನು ಅಚ್ಚಾಗುತ್ತೆ ಅನ್ನೋದೆಲ್ಲ ಮೇಡಂ ನೋಡ್ಕೋತಾರೆ" ಎಂದು ಅವನು ಕೈ ತೊಳೆದುಕೊಂಡ. ಅಷ್ಟು ವರ್ಷ 'ನೀನು' ಎಂದವನ ಬಾಯಲ್ಲಿ 'ಮೇಡಂ' ಬಂದಾಗಲೇ ಅಕ್ಕನಿಗೆ ತಿಳಿಯಿತಂತೆ, ಅವನು ಅಣ್ಣನಲ್ಲವೆಂದು.

ಪೊಲೀಸರು ಅಕ್ಕನನ್ನು ಕರೆದೊಯ್ದರು. ಜೈಲಿನಲ್ಲಿ ಅವಳನ್ನು ಕಾಣಲು ಮಾಲೀಕ ಕಳಿಸಿದ ವಕೀಲ ಕ್ಷಮಾಪಣೆ ಬರೆದುಕೊಂಡೇ ಹೋಗಿದ್ದ. "ಸೇತುವೆಗೆ ಏನೂ ಆಗಿಲ್ಲ, ಸುಳ್ಳು ಹಾಕಿದೆ ಅಂತ ಸಹಿ ಮಾಡಿ. ಮನೆಗೆ ಹೋಗ್ಬಹುದು."

"ನಾನು ಕಣ್ಣಾರೆ ಕಂಡಿದ್ದೀನಿ. ಮಕ್ಕಳು ಓಡಾಡೋ ಸೇತುವೆ ಅದು. ಮಾಡಲ್ಲ" ಅಂದಳು ಅಕ್ಕ.

ಆ ವಾರ ಕ್ಷಮಾಪಣೆ ಬಂದೇಬಿಟ್ಟಿತು, ಮೊದಲ ಪುಟದಲ್ಲಿ, ಅಕ್ಕನ ಹೆಸರು ದಪ್ಪಕ್ಷರದಲ್ಲಿ. ಇಷ್ಟು ವರ್ಷದಲ್ಲಿ ಅವಳ ಬರಹವೆಂದು ಅಚ್ಚಾದದ್ದು ಅದೊಂದೇ. ಅದನ್ನೂ ಅವಳು ಬರೆದಿರಲಿಲ್ಲ. ಅದನ್ನೇ ತೋರಿಸಿ ಮಾಲೀಕ ಜಾಮೀನು ಕೊಡಿಸಿದ. ಸೇತುವೆಯ ಬಗ್ಗೆ ಅವಳು ತುಟಿಪಿಟಕ್ಕೆನ್ನಬಾರದೆಂದು ಷರತ್ತು.

"ನಿನ್ನ ಒಳ್ಳೇದಕ್ಕೇ ಮಾಡಿದ್ದು ಕಣಮ್ಮ" ಎಂದು ಮನೆಯ ತನಕ ಬಂದ. ಅಕ್ಕ ಅವನ ಮುಖವನ್ನೂ ನೋಡದೆ ಒಳಗೆ ಹೋದಳು. ಇನ್ನೂ ಏನೋ ಹೇಳುತ್ತಿದ್ದ, ನಾನು ಬಾಗಿಲು ಹಾಕಿಕೊಂಡೆ.

ಮಾರನೆಯ ಬೆಳಿಗ್ಗೆ ಎದುರುಮನೆಯಾಕೆ ಮಗಳನ್ನು ಶಾಲೆಗೆ ಬಿಡಲು ಹೊರಟಿದ್ದಳು. ಸುದ್ದಿ ಬಂದಾಗಿನಿಂದ ಸುತ್ತು ದಾರಿ ಹಿಡಿದಿದ್ದವಳು ನಮ್ಮ ಬಾಗಿಲಲ್ಲಿ ನಿಂತು, "ಸದ್ಯ, ಸೇತುವೆ ಗಟ್ಟಿಯಾಗಿದೆಯಲ್ಲ. ಸುಮ್ನೆ ಹೆದರಿಬಿಟ್ಟಿದ್ವಿ" ಅಂದಳು. ಷರತ್ತು ನೆನೆದು ಅಕ್ಕ ನನ್ನ ಕೈ ಜಗ್ಗಿದಳು.

"ಅದನ್ನ ಅಕ್ಕ ಬರೆದಿಲ್ಲ ರೀ! ಸುತ್ಕೊಂಡೇ ಹೋಗಿ!" ಎಂದು ನಾನು ಕೂಗಿದೆ.

"ನಿಮ್ಮ ಮಾತು ನಂಬಲಾ, ನಿಮ್ಮಕ್ಕ ಹೆಸರು ಹಾಕಿ ಬರೆದಿದ್ದು ನಂಬಲಾ?" ಎಂದು ನಕ್ಕ ಆಕೆ, ಮಗಳ ಕೈ ಹಿಡಿದು ಸೇತುವೆಯ ಕಡೆಗೆ ನಡೆದಳು.